ಪಿ೫೩ ಪ್ರೋಟೀನೂ ಅದರ ಪ್ರತಿಕಾಯದ ಸಾಕ್ಷ್ಯವೂ

ಪಿ೫೩ ಎಂಬ ಪ್ರೋಟೀನಿನ ಹೆಸರಿನಲ್ಲಿಯೇ ಒಂದು ತಪ್ಪು ಸೇರಿಕೊಂಡಿದೆ. ‘ಪಿ’ ಎಂದರೆ ಪ್ರೋಟೀನು. ‘೫೩’ ಎಂಬುದು ಅದರ ಅಣುತೂಕ ೫೩,೦೦೦ ಡಾಲ್ಟನ್ ಎಂಬ ಎಣಿಕೆಯಿಂದ ಬಂದುದು. ತರುವಾಯ ಅದರ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಗುರುತಿಸಿದಾಗ, ಮನುಷ್ಯನ ಪಿ೫೩ರಲ್ಲಿ ಇರುವುದು ೩೯೩ ಅಮೈನೋ ಆಮ್ಲಗಳೆಂದೂ ಅದರ ತೂಕ ಸುಮಾರು ೪೩,೭೦೦ ಮಾತ್ರವೆಂದೂ ತಿಳಿದುಬಂದಿತು. ಪ್ರೋಲೀನ್ ಎಂಬ ಅಮೈನೋ ಆಮ್ಲವು ಅದರ ಒಂದು ಭಾಗದಲ್ಲಿ ದಟ್ಟವಾಗಿರುವುದರಿಂದ ಅದು ಜೆಲ್ಲಿನಲ್ಲಿ ನಿಧಾನವಾಗಿ ಚಲಿಸಿ, ತನ್ನ ನಿಜವಾದ ತೂಕಕ್ಕಿಂತ ಹೆಚ್ಚು ತೂಗುವಂತೆ ತೋರುತ್ತದೆ. ೧೯೮೩ರಲ್ಲಿ ಈ ಪ್ರೋಟೀನಿನ ವಿಷಯವಾಗಿಯೇ ಸೇರಿದ ಮೊದಲನೆಯ ವಿದ್ವದ್ಗೋಷ್ಠಿಯಲ್ಲಿ ಹೆಸರು ಒಪ್ಪಿತವಾಯಿತು. ತಪ್ಪು ತಿಳಿದ ಮೇಲೆಯೂ ಅದನ್ನು ಯಾರೂ ಬದಲಾಯಿಸಲಿಲ್ಲ.

ತೂಕದ ತಪ್ಪಿನಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೆ ಇದೇ ಪ್ರೋಟೀನನ್ನು ಹತ್ತು ವರ್ಷಗಳ ಕಾಲ ತಪ್ಪು ವರ್ಗಕ್ಕೂ ಸೇರಿಸಲಾಗಿದ್ದಿತು. ೧೯೭೯ರಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಕೆಲಕಾಲದಲ್ಲಿಯೇ ಅದು ಜೀವಕೋಶವನ್ನು ವಿಭಜನೆಗೆ ಪ್ರೇರಿಸುವ, ಮಿತಿಮೀರಿದಾಗ ಕ್ಯಾನ್ಸರಿಗೆ ಎಡೆಮಾಡುವ ವಸ್ತುವೆಂಬ ಅಭಿಪ್ರಾಯ ಬೇರೂರಿತು. ೧೯೮೯ರಲ್ಲಿ ಆ ತೀರ್ಪು ತಲೆಕೆಳಗಾಯಿತು. ಪಿ೫೩ ವಿಭಜನೆಯನ್ನು ತಡೆಯುವ, ಕ್ಯಾನ್ಸರಿಗೆ ಅಡ್ಡನಿಲ್ಲುವ ಪ್ರೋಟೀನೆಂದು ಸಿದ್ಧವಾಯಿತು. ಇಂದು ಮನುಷ್ಯನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನಿನ ಜೀನು ಕೆಟ್ಟಿರುವುದೆಂದು ನಾವು ಬಲ್ಲೆವು. ಸಮರ್ಥರಾದ ಅನೇಕ ವಿಜ್ಞಾನಿಗಳು ಹಲವು ದೇಶಗಳಲ್ಲಿ ದುಡಿಯುತ್ತಿದ್ದಾಗಲೂ ರಕ್ಷಕನನ್ನು ಅಪರಾಧಿಯೆಂದು ಭಾವಿಸಿದುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ. ಪಿ೫೩ರ ವಿಷಯದಲ್ಲಿ ಆರಂಭದ ವರ್ಷಗಳಲ್ಲಿ ತಿಳಿದುದು ಬಹುಮಟ್ಟಿಗೆ ಪ್ರತಿಕಾಯಗಳ ಮೂಲಕ ತಿಳಿದುದು. ಆದುದರಿಂದ ಪ್ರೋಟೀನಿನ ಇತಿಹಾಸವನ್ನು ಬರೆಯುವವರು ಪ್ರತಿಕಾಯದ ಇತಿಹಾಸವನ್ನೂ ಬರೆಯದೆ ಗತ್ಯಂತರವಿಲ್ಲ.

ಪ್ರತಿಕಾಯವೆಂದರೇನೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗಾಗಿ ಸಂಗ್ರಹವಾಗಿ ಹೇಳಬೇಕು. ಪ್ರಾಣಿಯ ಶರೀರದೊಳಕ್ಕೆ ಪರಕೀಯ ವಸ್ತುವೊಂದು ಹೊಕ್ಕರೆ ಅದನ್ನು ಗುರುತಿಸಿ ಹಿಡಿಯಬಲ್ಲ ಪ್ರೋಟೀನುಗಳು ರಕ್ತದಲ್ಲಿ ಹುಟ್ಟುತ್ತವೆ. ಇವೇ ಪ್ರತಿಕಾಯಗಳು, ಇವನ್ನು ಹುಟ್ಟಿಸಿದ ವಸ್ತುವು ಪ್ರತಿಜನಕ. ೧೮೯೦ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬವರು ಬರ್ಲಿನ್ನಿನಲ್ಲಿ ಧನುರ್ವಾಯು ಮತ್ತು ಗಂಟಲುಮಾರಿ ರೋಗಗಳ ವಿಷವನ್ನು ಅಡಗಿಸುವ ಗುಣ ರಕ್ತಸಾರದಲ್ಲಿರುವುದನ್ನು ತೋರಿಸಿದಂದಿನಿಂದ ಈ ಶಾಸ್ತ್ರ ಬೆಳೆದುಬಂದಿದೆ. ಪ್ರತಿಕಾಯವು ಪ್ರತಿಜನಕದ ಇಡೀ ಮೈಯನ್ನು ಅಪ್ಪಿಕೊಳ್ಳುವುದಿಲ್ಲವೆಂಬುದು ನಮ್ಮ ಮುಂದಿನ ವಾದಕ್ಕೆ ಮುಖ್ಯವಾದುದು. ಅದು ಪ್ರತಿಜನಕದ ಮೇಲಿನ ಒಂದು ಚಿಕ್ಕ ತಾಣವನ್ನು, ಕೆಲವೇ ಅಮೈನೋ ಆಮ್ಲಗಳಷ್ಟು ಅಗಲದ ಸ್ಥಳವನ್ನು, ಹಿಡಿಯುತ್ತದೆ. ಆ ತಾಣ ಮುಚ್ಚಿಹೋದರೆ ಪ್ರೋಟೀನು ಎದುರಿಗಿದ್ದರೂ ಪ್ರತಿಕಾಯಕ್ಕೆ ಕಾಣದು.

ಜೀವಕೋಶವು ಬೆಳೆದು ಎರಡಾಗುವ ಕ್ರಮಕ್ಕೆ ಕೋಶಚಕ್ರವೆಂದು ಹೆಸರು. ೧೯೫೩ರಲ್ಲಿ ಆಲ್ಮಾ ಹೊವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬವರು ಲಂಡನ್ನಿನಲ್ಲಿ ಅವರೆಯ ಜಾತಿಯ ಒಂದು ಗಿಡದ ಬೇರಿನ ತುದಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಈ ಚಕ್ರವನ್ನು ನಾಲ್ಕು ಅವಸ್ಥೆಗಳನ್ನಾಗಿ ವಿಂಗಡಿಸಿದರು: ವಿಭಜನೆಯ ಬಳಿಕ ಒಂದು ಬಿಡುವು, ತರುವಾಯ ಡಿ.ಎನ್.ಎ. ಇಮ್ಮಡಿಸುವ ಅವಸ್ಥೆ, ಮತ್ತೊಂದು ಬಿಡುವು, ಕಡೆಗೆ ವಿಭಜನೆ. ಮೊದಲನೆಯ ಬಿಡುವಿನಿಂದ ಕೋಶವು ಮುಂದಕ್ಕೆ ಹೋಗಬೇಕೆ, ಅಲ್ಲಿಯೇ ನಿಲ್ಲಬೇಕೆ ಎಂಬುದನ್ನು ನಿರ್ಧರಿಸುವವುಗಳಲ್ಲಿ ಪಿ೫೩ ಒಂದು. ಅದು ನಿಲ್ಲಿಸುವ ಪಕ್ಷದ್ದೋ ಮುಂದೊತ್ತುವ ಪಕ್ಷದ್ದೋ ಎಂಬುದೇ ವಿವಾದವಾಗಿದ್ದಿತು.

ಕಥೆ ಆರಂಭವಾಗುವುದು ಕೋತಿಗಳಿಂದ. ೧೯೬೦ರಲ್ಲಿ ಬೆನ್ ಸ್ವೀಟ್ ಮತ್ತು ಮಾರಿಸ್ ಹಿಲ್ಲ್‌ಮನ್ ಎಂಬವರು ಪೋಲಿಯೋ ಲಸಿಕೆ ತಯಾರಿಕೆಗೆ ಬಳಸುತ್ತಿದ್ದ ರೀಸಸ್ ಕೋತಿಗಳ ಮೂತ್ರಪಿಂಡದ ಕೋಶಗಳಲ್ಲಿ ಅದುವರೆಗೆ ಅಡಗಿದ್ದ ವೈರಸ್ಸೊಂದನ್ನು ಕಂಡುಹಿಡಿದರು. ಅದಕ್ಕೆ ಎಸ್.ವಿ. ೪೦ ಎಂದು ಹೆಸರಾಯಿತು. (ಆ ಕಾಲದಲ್ಲಿ ಉತ್ತರ ಭಾರತದ ಕಾಡುಗಳಿಂದ ರೀಸಸ್ ಕೋತಿಗಳು ಅಪಾರ ಸಂಖ್ಯೆಯಲ್ಲಿ ಪಾಶ್ಚಾತ್ಯ ಪ್ರಯೋಗಶಾಲೆಗಳಿಗೆ ರಫ್ತಾಗುತ್ತಿದ್ದುವೆಂಬುದನ್ನೂ, ಭಾರತ ಸರ್ಕಾರವು ೧೯೭೮ರಲ್ಲಿ ಆ ರಫ್ತನ್ನು ನಿಷೇಧಿಸಿತೆಂಬುದನ್ನೂ ಪ್ರಾಸಂಗಿಕವಾಗಿ ನೆನೆಯಬಹುದು.) ೧೯೬೨ರ ವೇಳೆಗೆ ಈ ವೈರಸ್ಸನ್ನು ಎಳೆಯ ಹ್ಯಾಮ್‌ಸ್ಟರುಗಳಿಗೆ ಚುಚ್ಚಿದರೆ ಗಂತಿಗಳು ಬೆಳೆಯುವುವೆಂದು ಗೊತ್ತಾಯಿತು. ಗಂತಿ ಬೆಳೆದ ಪ್ರಾಣಿಯ ರಕ್ತಸಾರದಲ್ಲಿ ಗಂತಿಯ ಕೋಶಗಳೊಳಗಣ ಒಂದು ಪ್ರೋಟೀನಿಗೆ ಪ್ರತಿಕಾಯಗಳಿದ್ದುವು. ಆ ಪ್ರೋಟೀನು ವೈರಸ್ಸಿನ ಜೀನಿನಿಂದಲೇ ಆದುದು. ಅದನ್ನು ಟಿ-ಪ್ರತಿಜನಕವೆಂದು ಕರೆದರು. ಇಡೀ ಪ್ರಾಣಿಯಲ್ಲಿ ಗಂತಿಯನ್ನೆಬ್ಬಿಸುವಷ್ಟು ಶಕ್ತಿ ಇಷ್ಟು ಚಿಕ್ಕ ವೈರಸ್ಸಿನ ಒಂದು ಪ್ರೋಟೀನಿಗೆ ಎಲ್ಲಿಂದ ಬಂದಿತೆಂಬ ಪ್ರಶ್ನೆ ಮುಂದಿನ ಹದಿನೈದು ವರ್ಷಗಳ ಕಾಲ ಅನೇಕರನ್ನು ಕಾಡಿತು.

ಅಂದಿನ ಪ್ರಯೋಗವಿಧಾನವನ್ನು ಇಲ್ಲಿ ವಿವರಿಸುವುದು ಯುಕ್ತವಾಗಿದೆ. ತಪ್ಪೂ ಒಪ್ಪೂ ಎರಡೂ ಅದರಿಂದ ಹುಟ್ಟಿದುವು. ಪೋಷಕದ್ರವದಲ್ಲಿ ಬೆಳೆಯುತ್ತಿರುವ ಕೋಶಗಳಿಗೆ ವಿಕಿರಣಶೀಲ ಗಂಧಕವುಳ್ಳ ಮೆಥಿಯೋನೀನನ್ನು ಉಣಿಸುತ್ತಿದ್ದರು. ಕೋಶದಲ್ಲಿ ಹೊಸದಾಗಿ ಆಗುವ ಪ್ರೋಟೀನುಗಳೆಲ್ಲ ಹೀಗೆ ಗುರುತುಗೊಳ್ಳುತ್ತಿದ್ದುವು. ತರುವಾಯ ಕೋಶಗಳನ್ನು ಒಡೆದು, ಬಂದ ರಸಕ್ಕೆ ಗಂತಿಯ ಪ್ರಾಣಿಯ ರಕ್ತಸಾರವನ್ನು ಬೆರಸಿದರೆ ಪ್ರತಿಕಾಯವು ತನ್ನ ಪ್ರತಿಜನಕವನ್ನು ಹಿಡಿಯುವುದು. ಹಾಗೆ ಹಿಡಿದುದನ್ನು ತಳಕ್ಕಿಳಿಸಿ, ತೊಳೆದು, ಕುದಿಸಿ, ಜೆಲ್ಲಿನ ಮೇಲಿಟ್ಟು ವಿದ್ಯುತ್ತನ್ನು ಹಾಯಿಸುವುದು. ಹಗುರವಾದುವು ದೂರ ಓಡುತ್ತವೆ, ಭಾರವಾದುವು ಹಿಂದೆ ನಿಲ್ಲುತ್ತವೆ. ಜೆಲ್ಲನ್ನು ಒಣಗಿಸಿ ಎಕ್ಸ್-ರೇ ಫಿಲ್ಮಿನೊಡನೆ ಕತ್ತಲೆಯಲ್ಲಿಟ್ಟರೆ ಕಪ್ಪು ಪಟ್ಟಿಗಳು ಮೂಡುತ್ತವೆ. ಟಿ-ಪ್ರತಿಜನಕದ ಪಟ್ಟಿ ಮೇಲೆ ಕಾಣುತ್ತಿದ್ದಿತು. ಅದರ ಕೆಳಗೆ ೫೩,೦೦೦ದ ಬಳಿ ಮತ್ತೊಂದು ಪಟ್ಟಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದಿತು. ಅದನ್ನು ಕೊಳೆಯೆಂದೋ ಮುರಿದ ಟಿ-ಪ್ರತಿಜನಕದ ಚೂರೆಂದೋ ತಳ್ಳಿಹಾಕುವುದು ಸುಲಭವಾಗಿದ್ದಿತು.

೧೯೭೯ರಲ್ಲಿ ಅದನ್ನು ತಳ್ಳಿಹಾಕದವರು ಹಲವರು. ಲಂಡನ್ನಿನ ಇಂಪೀರಿಯಲ್ ಕ್ಯಾನ್ಸರ್ ರಿಸರ್ಚ್ ಫಂಡಿನಲ್ಲಿ ಡೇವಿಡ್ ಲೇನ್ ಮತ್ತು ಲಯನಲ್ ಕ್ರಾಫರ್ಡ್, ಪ್ರಿನ್ಸ್‌ಟನ್ನಿನಲ್ಲಿ ಡೇನಿಯಲ್ ಲಿಂಜರ್ ಮತ್ತು ಆರ್ನಲ್ಡ್ ಲೆವೀನ್, ಫ್ರಾನ್ಸಿನ ಪಿಯೆರ್ ಮೇ ಅವರ ತಂಡ ಇವರು ಎಸ್.ವಿ. ೪೦ರ ದಾರಿಯಿಂದ ಬಂದವರು. ವೈರಸ್ಸಿನ ಸಂಬಂಧವೇ ಇಲ್ಲದೆ, ರಾಸಾಯನಿಕಗಳಿಂದ ಇಲಿಗಳಲ್ಲಿ ಎಬ್ಬಿಸಿದ ಗಂತಿಗಳ ದಾರಿಯಿಂದ ಅದೇ ಪ್ರೋಟೀನಿಗೆ ಬಂದವರು ಡಿಲಿಯೋ, ಲಾಯ್ಡ್ ಓಲ್ಡ್ ಮತ್ತು ಅವರ ಸಂಗಡಿಗರು.

ಲೇನ್ ಮತ್ತು ಕ್ರಾಫರ್ಡರ ವಾದಸರಣಿಯನ್ನು ಗಮನಿಸಬೇಕು. ಗಂತಿಯ ಪ್ರಾಣಿಯ ರಕ್ತಸಾರದಲ್ಲಿ ಯಾವ ಯಾವ ಪ್ರತಿಕಾಯಗಳಿವೆಯೋ ಬಲ್ಲವರಾರು? ಎರಡು ಪಟ್ಟಿಗಳು ಬಂದರೆ ಎರಡು ಪ್ರತಿಕಾಯಗಳಿರಬಹುದು. ಇಲ್ಲವೆ ಒಂದೇ ಪ್ರತಿಕಾಯವಿದ್ದು, ಅದು ಹಿಡಿದ ಪ್ರೋಟೀನಿಗೆ ಇನ್ನೊಂದು ಅಂಟಿಕೊಂಡು ಬಂದಿರಬಹುದು. ಇದನ್ನು ಬಿಡಿಸುವುದಕ್ಕಾಗಿ ಅವರು ಶುದ್ಧಗೊಳಿಸಿದ ಟಿ-ಪ್ರತಿಜನಕವೊಂದನ್ನೇ ಮೊಲಕ್ಕೆ ಚುಚ್ಚಿ ಪಡೆದ ರಕ್ತಸಾರವನ್ನು ಬಳಸಿದರು. ಈ ರಕ್ತಸಾರಕ್ಕೆ ಎರಡನೆಯ ಪ್ರೋಟೀನಿನ ಪರಿಚಯವಿಲ್ಲ. ಆದರೂ ೫೩,೦೦೦ದ ಪಟ್ಟಿ ಬಂದಿತು. ಅಂದಮೇಲೆ ಅದು ಟಿ-ಪ್ರತಿಜನಕದ ಕೈಹಿಡಿದುಕೊಂಡು ಬಂದುದೇ ಸರಿ! ವೈರಸ್ಸಿನ ಪ್ರೋಟೀನು ಕೋಶದ ಸ್ವಂತ ಪ್ರೋಟೀನೊಂದನ್ನು ಹಿಡಿದಿಟ್ಟುಕೊಂಡಿದೆಯೆಂಬ ನಿರ್ಣಯ ಹೀಗೆ ಬಂದಿತು. ಲಿಂಜರ್ ಮತ್ತು ಲೆವೀನರು ಇದಕ್ಕೆ ಇನ್ನೊಂದು ಕಡೆಯಿಂದ ಪುಷ್ಟಿ ಕೊಟ್ಟರು. ವೈರಸ್ಸನ್ನು ಕಂಡೇ ಇರದ ಎಫ್೯ ಎಂಬ ಇಲಿಯ ಭ್ರೂಣಗಂತಿಕೋಶಗಳಲ್ಲಿಯೂ, ಹ್ಯಾಮ್‌ಸ್ಟರಿನ ರಕ್ತಸಾರವು ಆ ಪ್ರೋಟೀನನ್ನು ಹಿಡಿಯಿತು. ಅದು ವೈರಸ್ಸಿನದಲ್ಲ, ಕೋಶದ್ದೇ ಎಂಬುದು ಇದರಿಂದ ನಿಸ್ಸಂದೇಹವಾಯಿತು.

ಈ ೧೯೭೯ರ ಕೆಲಸವನ್ನು ನಾವು ಪ್ರಮಾಣವಿಚಾರದ ಒಂದು ಉತ್ತಮ ಮಾದರಿಯೆಂದು ಪರಿಗಣಿಸುತ್ತೇವೆ. ತಾಮ್ರಪಟವೊಂದು ಕೈಗೆ ಬಂದಾಗ ನಾವು ಅದರಲ್ಲಿ ಬರೆದಿರುವುದನ್ನು ಓದುವ ಮೊದಲೇ ಲಿಪಿ ಯಾವ ಕಾಲದ್ದು, ಬರೆಯಿಸಿದವರಾರು, ಎಲ್ಲಿ ದೊರೆಯಿತು, ಯಾರ ವಶದಲ್ಲಿದ್ದಿತು ಎಂದು ವಿಚಾರಿಸುತ್ತೇವೆ. ಕೂಟಶಾಸನಗಳ ಅನುಭವವುಳ್ಳ ನಮ್ಮವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಲೇನ್ ಮತ್ತು ಕ್ರಾಫರ್ಡರು ತಮ್ಮ ರಕ್ತಸಾರಕ್ಕೆ ಕೇಳಿದುದೂ ಅದೇ ಪ್ರಶ್ನೆಯನ್ನು: ನಿನ್ನನ್ನು ಹುಟ್ಟಿಸಿದುದು ಯಾವುದು?

ಆದರೆ ರಕ್ತಸಾರಕ್ಕೆ ಒಂದು ಸಹಜವಾದ ದೋಷವಿದೆ. ಅದರಲ್ಲಿ ನೂರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಒಂದು ಪ್ರಾಣಿಯದರಂತೆ ಇನ್ನೊಂದರದು ಇರುವುದಿಲ್ಲ. ಪ್ರಾಣಿ ಸತ್ತರೆ ರಕ್ತಸಾರವೂ ಮುಗಿಯಿತು. ಈ ತೊಡಕನ್ನು ಬಿಡಿಸಿದವರು ಕೇಂಬ್ರಿಜ್ಜಿನಲ್ಲಿದ್ದ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್. ೧೯೭೫ರಲ್ಲಿ ಅವರು ಇಲಿಯ ಗುಲ್ಮದಿಂದ ಪ್ರತಿಕಾಯವನ್ನು ಸ್ರವಿಸುವ ಕೋಶಗಳನ್ನು ತೆಗೆದು, ಸಾವಿಲ್ಲದೆ ಬೆಳೆಯುವ ಮೈಲೋಮ ಗಂತಿಕೋಶಗಳೊಡನೆ ಬೆಸೆದರು. ಬೆಸೆದು ಬಂದ ಸಂಕರಕೋಶವು ಒಂದು ಕಡೆಯಿಂದ ಪ್ರತಿಕಾಯವನ್ನೂ ಇನ್ನೊಂದು ಕಡೆಯಿಂದ ಅಮರತ್ವವನ್ನೂ ಪಡೆಯಿತು. ಅಂಥ ಒಂದೇ ಕೋಶದ ಸಂತತಿಯನ್ನು ಬೇರ್ಪಡಿಸಿ ಬೆಳೆಸಿದರೆ ಅದು ಸ್ರವಿಸುವ ಪ್ರತಿಕಾಯವೆಲ್ಲ ಏಕರೂಪವಾಗಿರುತ್ತದೆ, ಒಂದೇ ತಾಣವನ್ನು ಹಿಡಿಯುತ್ತದೆ. ಇದನ್ನು ಏಕಮೂಲ ಪ್ರತಿಕಾಯವೆಂದು ಕರೆಯೋಣ. ಈ ವಿಧಾನಕ್ಕೆ ಪೇಟೆಂಟು ಪಡೆಯಲಿಲ್ಲ. ಅದು ಲೋಕದ ಪ್ರಯೋಗಶಾಲೆಗಳಿಗೆಲ್ಲ ಬೇಗ ಹರಡಿತು. ೧೯೮೪ರಲ್ಲಿ ಇಬ್ಬರಿಗೂ ನೀಲ್ಸ್ ಯೆರ್ನೆ ಅವರೊಡನೆ ನೊಬೆಲ್ ಪಾರಿತೋಷಿಕ ದೊರೆಯಿತು.

ಪಿ೫೩ಕ್ಕೂ ಏಕಮೂಲ ಪ್ರತಿಕಾಯಗಳು ಬರಲು ತಡವಾಗಲಿಲ್ಲ. ೧೯೮೦ರಲ್ಲಿ ಗರ್ನಿ ಮತ್ತು ಸಂಗಡಿಗರು ಪ್ರಕಟಿಸಿದವುಗಳಲ್ಲಿ ಪಿ.ಎ.ಬಿ. ೧೨೨ ಎಂಬುದು ಒಂದು. ೧೯೮೧ರಲ್ಲಿ ಎಡ್ ಹಾರ್ಲೊ, ಕ್ರಾಫರ್ಡ್ ಮತ್ತು ಇತರರು ಎಸ್.ವಿ. ೪೦ರ ಗಂತಿ-ಪ್ರತಿಜನಕಗಳ ವಿಷಯವಾಗಿ ಬರೆದ ಪ್ರಬಂಧದಲ್ಲಿ ಪಿ.ಎ.ಬಿ. ೪೨೧ ಬಂದಿತು. ಈ ಲೇಖನದ ಮುಖ್ಯ ಪಾತ್ರ ಅದೇ. ಇಲಿಯಿಂದ ಹುಟ್ಟಿದ ಈ ಪ್ರತಿಕಾಯ ಇಲಿಯ ಸ್ವಂತ ಪಿ೫೩ವನ್ನೂ ಹಿಡಿಯುತ್ತದೆ, ಮನುಷ್ಯನದನ್ನೂ ಹಿಡಿಯುತ್ತದೆ. ಹೀಗೆ ಹಲವು ಪ್ರಾಣಿಗಳ ಕೋಶಗಳಲ್ಲಿ ಒಂದೇ ಪ್ರೋಟೀನನ್ನು ಹುಡುಕುವ ಸಾಧನ ದೊರೆತಂತಾಯಿತು. ಶರೀರವು ತನ್ನದೇ ಪ್ರೋಟೀನಿಗೆ ಪ್ರತಿಕಾಯವನ್ನು ಹುಟ್ಟಿಸುವುದು ವಿಲಕ್ಷಣವೆಂದು ತೋರಬಹುದು. ಆದರೆ ೧೯೮೨ರಲ್ಲಿ ಕ್ರಾಫರ್ಡ್, ಪಿಮ್ ಮತ್ತು ಬುಲ್‌ಬ್ರೂಕ್ ಅವರು ಸ್ತನದ ಏಡಿಗಂತಿಯಿದ್ದ ಸ್ತ್ರೀಯರ ರಕ್ತಸಾರವನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೯ ಮಂದಿಯಲ್ಲಿ ಪಿ೫೩ಕ್ಕೆ ಪ್ರತಿಕಾಯಗಳಿದ್ದುವು. ಗಂತಿಯಲ್ಲಿ ಈ ಪ್ರೋಟೀನು ಮಿತಿಮೀರಿ ಶೇಖರವಾಗುತ್ತದೆಯೆಂಬುದಕ್ಕೆ ರೋಗಿಯ ರಕ್ತವೇ ಸಾಕ್ಷಿ ನುಡಿದಂತಾಯಿತು.

ಈ ‘ಮಿತಿಮೀರಿದ ಶೇಖರ’ವೇ ದಾರಿತಪ್ಪಿಸಿತು. ಪ್ರತಿಕಾಯಗಳಿಂದ ಎಲ್ಲೆಲ್ಲಿ ಹುಡುಕಿದರೂ ಗಂತಿಯ ಕೋಶಗಳಲ್ಲಿ ಪಿ೫೩ ಹೇರಳವಾಗಿಯೂ, ಸಾಮಾನ್ಯ ಕೋಶಗಳಲ್ಲಿ ಕಾಣದಷ್ಟು ಅತ್ಯಲ್ಪವಾಗಿಯೂ ಇರುತ್ತಿದ್ದಿತು. ಕಳ್ಳತನವಾದ ಮನೆಗಳಲ್ಲೆಲ್ಲ ಒಬ್ಬನೇ ಮನುಷ್ಯನು ಕಂಡರೆ ಅವನ ಮೇಲೆ ಸಂಶಯ ಬರುವುದು ಸಹಜವಷ್ಟೆ. ೧೯೮೨ರಲ್ಲಿ ಮತ್ತೊಂದು ಪ್ರಯೋಗ ಈ ಸಂಶಯವನ್ನು ಬಲಪಡಿಸಿತು. ಮರ್ಸರ್, ಬಸೆರ್ಗಾ ಮತ್ತು ಅವರ ಸಂಗಡಿಗರು ವಿಶ್ರಾಂತಿಯಲ್ಲಿದ್ದ ಇಲಿಯ ೩ಟಿ೩ ಕೋಶಗಳ ಕೇಂದ್ರದೊಳಕ್ಕೆ ಅತಿ ಸೂಕ್ಷ್ಮವಾದ ಸೂಜಿಯಿಂದ ಪಿ೫೩ರ ಏಕಮೂಲ ಪ್ರತಿಕಾಯವನ್ನು ಚುಚ್ಚಿದರು. ತರುವಾಯ ಕೋಶಗಳಿಗೆ ರಕ್ತಸಾರವನ್ನು ಕೊಟ್ಟು ಬೆಳವಣಿಗೆಗೆ ಪ್ರಚೋದಿಸಿದಾಗ, ಚುಚ್ಚಿದ ಕೋಶಗಳು ಡಿ.ಎನ್.ಎ. ಇಮ್ಮಡಿಸುವ ಅವಸ್ಥೆಯನ್ನು ಪ್ರವೇಶಿಸಲಿಲ್ಲ. ಪ್ರಚೋದನೆಯ ಆಸುಪಾಸಿನಲ್ಲಿ ಚುಚ್ಚಿದರೆ ಮಾತ್ರ ಈ ಪರಿಣಾಮ; ತಡವಾಗಿ ಚುಚ್ಚಿದರೆ ಇಲ್ಲ. ಪ್ರತಿಕಾಯವು ಪಿ೫೩ವನ್ನು ಕಟ್ಟಿಹಾಕಿತು, ಕೋಶ ಮುಂದುವರಿಯಲಿಲ್ಲ, ಆದುದರಿಂದ ಮುಂದುವರಿಯಲು ಪಿ೫೩ ಬೇಕು — ಎಂಬುದು ಸ್ವಾಭಾವಿಕವಾದ ನಿರ್ಣಯವಾಗಿದ್ದಿತು. ಪಿ೫೩ ಕೋಶಚಕ್ರಕ್ಕೆ ಸಂಬಂಧಪಟ್ಟುದೆಂಬುದಕ್ಕೆ ಇದು ಆರಂಭದ ನೇರ ಪ್ರಮಾಣಗಳಲ್ಲಿ ಒಂದು. ಆ ಮಟ್ಟಿಗೆ ಅದು ನಿಜವೂ ಆಗಿದ್ದಿತು.

೧೯೮೪ರಲ್ಲಿ ಮೂರು ತಂಡಗಳು ‘ನೇಚರ್’ ಪತ್ರಿಕೆಯಲ್ಲಿ ಪಿ೫೩ರ ಜೀನಿನ ಪ್ರಯೋಗಗಳನ್ನು ಪ್ರಕಟಿಸಿದುವು. ರಾಸ್ ಎಂಬ ಕ್ಯಾನ್ಸರುಜನಕ ಜೀನಿನೊಡನೆ ಪಿ೫೩ರ ಜೀನನ್ನು ಸೇರಿಸಿ ಕೋಶಗಳಿಗೆ ಕೊಟ್ಟಾಗ ಅವು ಗಂತಿಯ ಕೋಶಗಳಂತಾದುವೆಂದೂ, ಪಿ೫೩ ಒಂದರಿಂದಲೇ ಕೋಶಗಳಿಗೆ ಅಮರತ್ವ ಬರಬಲ್ಲುದೆಂದೂ ಅವುಗಳಿಂದ ತೋರಿತು. ಪ್ರಕರಣ ಮುಗಿದಂತೆಯೇ ಆಯಿತು.

ಆದರೆ ವಿರೋಧವಾದ ಸಾಕ್ಷ್ಯವೂ ಅದೇ ಕಾಲದಲ್ಲಿಯೇ ಇದ್ದಿತೆಂಬುದು ಇತಿಹಾಸದ ದೃಷ್ಟಿಯಿಂದ ಸ್ವಾರಸ್ಯವಾದುದು. ೧೯೮೫ರಲ್ಲಿ ವುಲ್ಫ್ ಮತ್ತು ರೋಟರ್ ಅವರು ವರದಿಮಾಡಿದ ಎಚ್.ಎಲ್. ೬೦ ಎಂಬ ರಕ್ತಗಂತಿಯ ಕೋಶಗಳಲ್ಲಿ ಪಿ೫೩ ಇರಲೇ ಇಲ್ಲ. ಕ್ಯಾನ್ಸರಿಗೆ ಪಿ೫೩ ಬೇಕೆಂಬುದಾದರೆ ಇದು ಹೇಗೆ? ಮಾಲ್ಟ್ಸ್‌ಮನ್ ಮತ್ತು ಚಿಜಿಕ್ ಅವರು ಗಂತಿಯಲ್ಲದ ಇಲಿಯ ಕೋಶಗಳಿಗೆ ನೇರಿಳಾತೀತ ಕಿರಣವನ್ನು ತಾಗಿಸಿದಾಗ ಪಿ೫೩ರ ಪ್ರಮಾಣ ಏರಿತು. ಬೆಳವಣಿಗೆಗೆ ಪ್ರೇರಕವಾದ ವಸ್ತು ಗಾಯಗೊಂಡ ಕೋಶದಲ್ಲಿ ಏರುವುದೇಕೆ? ಈ ಎರಡು ಪ್ರಶ್ನೆಗಳೂ ಅಚ್ಚಾಗಿಯೇ ಇದ್ದುವು. ಓದಿದವರಿಗೆ ಅವು ಅಪವಾದಗಳಾಗಿ ಕಂಡುವೇ ಹೊರತು ನಿಯಮವನ್ನು ಮುರಿಯುವಂಥವಾಗಿ ಕಾಣಲಿಲ್ಲ. ಯಾರನ್ನೂ ದೂರುವ ಉದ್ದೇಶದಿಂದ ನಾವು ಇದನ್ನು ಹೇಳುತ್ತಿಲ್ಲ. ರಾಜವಂಶಗಳ ಕಾಲನಿರ್ಣಯದಲ್ಲಿ ನಮ್ಮ ವಿದ್ವಾಂಸರೂ ಒಗ್ಗದ ಶಾಸನವನ್ನು ಬದಿಗಿಟ್ಟುದುಂಟು.

ತಪ್ಪಿನ ಮೂಲ ಬೇರೊಂದು ಕಡೆ ಇದ್ದಿತು. ೧೯೮೪ರ ಪ್ರಯೋಗಗಳಲ್ಲಿ ಬಳಸಿದ ಜೀನಿನ ಪ್ರತಿಗಳು ಕೆಟ್ಟ ಪ್ರತಿಗಳಾಗಿದ್ದುವು. ಒಂದು ಅಮೈನೋ ಆಮ್ಲದ ಸ್ಥಾನದಲ್ಲಿ ಇನ್ನೊಂದು ಸೇರಿಕೊಂಡಿತ್ತು. ಇಂಥ ಬದಲಾವಣೆಗೆ ಉತ್ಪರಿವರ್ತನೆಯೆಂದು ಹೆಸರು. ಸಹಜವಾದ ಪಿ೫೩ ಕೋಶದಲ್ಲಿ ಹುಟ್ಟಿದ ಸುಮಾರು ಇಪ್ಪತ್ತು ಮಿನಿಟುಗಳಲ್ಲಿ ಅರ್ಧದಷ್ಟು ನಾಶವಾಗುತ್ತದೆ. ಕೆಟ್ಟ ಪಿ೫೩ ಗಂಟೆಗಟ್ಟಲೆ ಉಳಿಯುತ್ತದೆ. ಆದಕಾರಣ ಪ್ರತಿಕಾಯಕ್ಕೆ ಹೇರಳವಾಗಿ ಸಿಗುವುದು ಕೆಟ್ಟುದೇ. ಸಂಶೋಧಕರು ಪ್ರೋಟೀನು ಹೇರಳವಾಗಿರುವ ಕಡೆ ಅದನ್ನು ಅಭ್ಯಸಿಸುತ್ತಾರೆಂಬುದು ಸಹಜ. ಹೀಗೆ ಅಭ್ಯಸಿಸಿದುದು ಬಹುಪಾಲು ಕೆಟ್ಟ ಪ್ರತಿಯನ್ನೇ ಆಯಿತು. ೧೯೮೯ರಲ್ಲಿ ಫಿನ್ಲೆ, ಹೈಂಡ್ಸ್ ಮತ್ತು ಲೆವೀನರು ಸಹಜವಾದ ಜೀನನ್ನು ಅದೇ ಬಗೆಯ ಪ್ರಯೋಗಕ್ಕೆ ಒಡ್ಡಿದಾಗ ಅದು ಕೋಶಗಳು ಗಂತಿಯಾಗುವುದನ್ನು ತಡೆಯಿತು. ಅದೇ ವರ್ಷ ಬಾಲ್ಟಿಮೋರಿನಲ್ಲಿ ಸುಸಾನ್ ಬೇಕರ್, ಬರ್ಟ್ ವೋಗೆಲ್‌ಸ್ಟೈನ್ ಮತ್ತು ಸಂಗಡಿಗರು ಮನುಷ್ಯನ ದೊಡ್ಡ ಕರುಳಿನ ಏಡಿಗಂತಿಗಳಲ್ಲಿ ಹದಿನೇಳನೆಯ ವರ್ಣತಂತುವಿನ ಒಂದು ತುಂಡು ಕಳೆದುಹೋಗಿರುವುದನ್ನೂ, ಉಳಿದ ಜೊತೆಯ ತಂತುವಿನಲ್ಲಿ ಪಿ೫೩ರ ಜೀನು ಕೆಟ್ಟಿರುವುದನ್ನೂ ತೋರಿಸಿದರು. ಒಂದು ಪ್ರತಿ ಕಳೆದು, ಇನ್ನೊಂದು ಕೆಟ್ಟು, ರಕ್ಷಣೆಯೇ ಇಲ್ಲವಾದಾಗ ಗಂತಿ ಬೆಳೆಯುತ್ತದೆಯೆಂಬುದು ಇದರ ಅರ್ಥ.

ಮುಂದಿನದು ಬೇಗ ಬೇಗ ನಡೆಯಿತು. ೧೯೯೧ರಲ್ಲಿ ಮೈಕೇಲ್ ಕಾಸ್ಟನ್ ಮತ್ತು ಇತರರು ವಿಕಿರಣದಿಂದ ಡಿ.ಎನ್.ಎ. ಗಾಯಗೊಂಡಾಗ ಪಿ೫೩ ಏರುವುದೆಂದೂ, ಆಗ ಕೋಶವು ಮೊದಲನೆಯ ಬಿಡುವಿನಲ್ಲಿ ನಿಲ್ಲುವುದೆಂದೂ, ಪಿ೫೩ ಇಲ್ಲದ ಕೋಶ ಹಾಗೆ ನಿಲ್ಲುವುದಿಲ್ಲವೆಂದೂ ತೋರಿಸಿದರು. ೧೯೮೪ರ ನೇರಿಳಾತೀತ ಕಿರಣದ ಪ್ರಯೋಗಕ್ಕೆ ಏಳು ವರ್ಷಗಳ ಮೇಲೆ ಅರ್ಥ ಬಂದಿತು. ೧೯೯೩ರಲ್ಲಿ ಪಿ೨೧ ಎಂಬ ಇನ್ನೊಂದು ಪ್ರೋಟೀನು ಕಂಡುಬಂದು, ಪಿ೫೩ ಅದರ ಜೀನನ್ನು ಚಾಲನೆಗೊಳಿಸುವುದೆಂದೂ, ಪಿ೨೧ ಕೋಶಚಕ್ರವನ್ನು ನಡೆಸುವ ಕಿಣ್ವಗಳನ್ನು ತಡೆಹಿಡಿಯುವುದೆಂದೂ ಗೊತ್ತಾಯಿತು. ಪಿ೫೩ ತಾನೇ ಕೋಶವನ್ನು ತಡೆಯುವುದಿಲ್ಲ, ಡಿ.ಎನ್.ಎ.ಯ ಮೇಲೆ ಕುಳಿತು ತಡೆಯುವವರನ್ನು ಕರೆಯಿಸುತ್ತದೆ.

ಈಗ ನಾವು ೧೯೮೨ರ ಸೂಜಿಯ ಪ್ರಯೋಗಕ್ಕೆ ಹಿಂದಿರುಗಬೇಕು. ಪಿ೫೩ ಕೋಶವನ್ನು ನಿಲ್ಲಿಸುವಂಥದಾದರೆ ಅದನ್ನು ಕಟ್ಟಿಹಾಕಿದಾಗ ಕೋಶ ಮುಂದೆ ಓಡಬೇಕಾಗಿದ್ದಿತು, ನಿಂತುದೇಕೆ? ಇದಕ್ಕೆ ಒಂದು ಸುಳಿವು ೧೯೯೨ರಲ್ಲಿ ಡಂಡೀ ವಿಶ್ವವಿದ್ಯಾನಿಲಯದಿಂದ ಬಂದಿತು. ಹಪ್, ಮೀಕ್, ಮಿಜ್ಲಿ ಮತ್ತು ಲೇನ್ ಅವರು ಬ್ಯಾಕ್ಟೀರಿಯಗಳಲ್ಲಿ ತಯಾರಿಸಿದ ಶುದ್ಧವಾದ ಪಿ೫೩ವನ್ನು ತೆಗೆದುಕೊಂಡು, ಅದು ಡಿ.ಎನ್.ಎ.ಯನ್ನು ಎಷ್ಟು ಬಲವಾಗಿ ಹಿಡಿಯುವುದೆಂದು ನೋಡಿದರು. ಅದರ ಹಿಡಿತ ದುರ್ಬಲವಾಗಿದ್ದಿತು. ಆದರೆ ಪಿ.ಎ.ಬಿ. ೪೨೧ ಪ್ರತಿಕಾಯವನ್ನು ಸೇರಿಸಿದೊಡನೆ ಪಿ೫೩ ಡಿ.ಎನ್.ಎ.ಯನ್ನು ಬಿಗಿಯಾಗಿ ಹಿಡಿಯಿತು! ಪಿ.ಎ.ಬಿ. ೪೨೧ರ ತಾಣವಿರುವುದು ಪ್ರೋಟೀನಿನ ಬಾಲದ ಕಡೆ, ೩೭೦ರಿಂದ ೩೮೦ರ ಆಸುಪಾಸಿನ ಅಮೈನೋ ಆಮ್ಲಗಳಲ್ಲಿ. ಆ ಬಾಲವು ಪ್ರೋಟೀನನ್ನು ಸುಮ್ಮನಿರಿಸುವ ಕಡಿವಾಣವೆಂದೂ, ಪ್ರತಿಕಾಯ ಬಂದು ಬಾಲವನ್ನು ಹಿಡಿದುಕೊಂಡರೆ ಕಡಿವಾಣ ಸಡಲುವುದೆಂದೂ ಅವರು ಅರ್ಥಮಾಡಿದರು. ಅಂದರೆ ಪ್ರೋಟೀನನ್ನು ಪತ್ತೆಹಚ್ಚಲು ಬಳಸುತ್ತಿದ್ದ ಸಾಧನವು ಅದನ್ನು ಕೆರಳಿಸಲೂ ಬಲ್ಲುದಾಗಿದ್ದಿತು.

ಹೀಗಿರಲು ೧೯೮೨ರಲ್ಲಿ ಕೋಶ ನಿಂತುದು, ಪ್ರತಿಕಾಯವು ಪಿ೫೩ವನ್ನು ಕಟ್ಟಿಹಾಕಿದುದರಿಂದಲ್ಲ, ಎಬ್ಬಿಸಿದುದರಿಂದ ಇರಬಹುದೆಂದು ನಮಗೆ ತೋರುತ್ತದೆ. ಇದು ಸಿದ್ಧಾಂತವಲ್ಲ, ಊಹೆ. ಪ್ರತಿಯೊಂದು ಪ್ರತಿಕಾಯವೂ ಬಾಲವನ್ನೇ ಹಿಡಿಯುವುದಿಲ್ಲ. ಕಡಿವಾಣದ ವಾದಕ್ಕೂ ತರ್ವಾಯ ಆಕ್ಷೇಪಣೆಗಳು ಬಂದಿವೆ. ೨೦೦೧ರಲ್ಲಿ ಎಸ್ಪಿನೋಸಾ ಮತ್ತು ಎಮರ್ಸನ್ ಅವರು, ಡಿ.ಎನ್.ಎ.ಯನ್ನು ಕೋಶದೊಳಗಿರುವಂತೆ ಪ್ರೋಟೀನುಗಳಿಗೆ ಸುತ್ತಿ ಪರೀಕ್ಷಿಸಿದರೆ ಪಿ೫೩ ಯಾರ ಸಹಾಯವೂ ಇಲ್ಲದೆ ಅದನ್ನು ಹಿಡಿಯಬಲ್ಲುದೆಂದು ತೋರಿಸಿದರು. ಆದರೂ ಒಂದು ಮಾತು ನಿಲ್ಲುತ್ತದೆ: ೧೯೮೨ರಲ್ಲಿ ಪಿ೫೩ರ ಅಮೈನೋ ಆಮ್ಲಗಳ ಅನುಕ್ರಮವೇ ತಿಳಿದಿರಲಿಲ್ಲ, ಪ್ರತಿಕಾಯವು ಎಲ್ಲಿ ಹಿಡಿಯುವುದೆಂಬುದನ್ನು ನಿಷ್ಕರ್ಷಿಸಲು ಅವಕಾಶವಿರಲಿಲ್ಲ, ಹಿಡಿಯುವುದೆಂದರೆ ತಡೆಯುವುದೆಂಬುದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ೧೯೭೯ರಲ್ಲಿ ‘ನಿನ್ನನ್ನು ಹುಟ್ಟಿಸಿದುದು ಯಾವುದು’ ಎಂದು ಕೇಳಿದಂತೆ ‘ನೀನು ಏನನ್ನು ಮಾಡಿದೆ’ ಎಂದು ಕೇಳಲು ಹತ್ತು ವರ್ಷ ಬೇಕಾಯಿತು.

ಪಿ.ಎ.ಬಿ. ೪೨೧ರಲ್ಲಿ ಮತ್ತೊಂದು ಸಂಗತಿಯೂ ಕಂಡುಬಂದಿತು. ಕೋಶದಲ್ಲಿ ಪಿ೫೩ರ ಬಾಲಕ್ಕೆ ಫಾಸ್ಫೇಟ್ ಗುಂಪುಗಳು ಸೇರುವುದುಂಟು. ಈ ಪ್ರತಿಕಾಯದ ತಾಣದಲ್ಲಿರುವ ಸೆರೀನಿಗೆ ಅಂಥ ಗುಂಪು ಸೇರಿತೆಂದರೆ ಹಿಡಿತ ತಪ್ಪುತ್ತದೆ. ಪಿ೫೩ ಅಲ್ಲಿಯೇ ಇದ್ದರೂ ಪ್ರತಿಕಾಯ ಮೌನವಾಗಿರುತ್ತದೆ.

೧೯೯೦ರಲ್ಲಿ ಗ್ಯಾನನ್, ಗ್ರೀವ್ಸ್, ಇಗ್ಗೋ ಮತ್ತು ಲೇನ್ ಅವರು ಪ್ರಕಟಿಸಿದ ಪಿ.ಎ.ಬಿ. ೨೪೦ರ ವೃತ್ತಾಂತ ಇನ್ನೂ ವಿಚಿತ್ರವಾದುದು. ಇದು ಕೆಟ್ಟ ಪಿ೫೩ವನ್ನು ಹಿಡಿಯುತ್ತದೆ, ಸಹಜವಾದುದನ್ನು ಹಿಡಿಯುವುದಿಲ್ಲ. ಕಾರಣವೇನೆಂದರೆ, ಇದರ ತಾಣ ಸಹಜವಾದ ಪ್ರೋಟೀನಿನ ಮಡಿಕೆಗಳೊಳಗೆ ಮುಚ್ಚಿಹೋಗಿರುತ್ತದೆ; ಉತ್ಪರಿವರ್ತನೆಯಿಂದ ಮಡಿಕೆ ಬಿಚ್ಚಿಕೊಂಡಾಗ ಹೊರಬೀಳುತ್ತದೆ. ಪಿ.ಎ.ಬಿ. ೧೬೨೦ ಎಂಬ ಇನ್ನೊಂದು ಪ್ರತಿಕಾಯ ಇದಕ್ಕೆ ವಿರುದ್ಧವಾಗಿ, ಸರಿಯಾಗಿ ಮಡಿಸಿಕೊಂಡಿರುವುದನ್ನೇ ಹಿಡಿಯುತ್ತದೆ. ಇವೆರಡನ್ನು ಜೊತೆಯಾಗಿ ಬಳಸಿ ಒಂದು ಕೋಶದ ಪಿ೫೩ ನೆಟ್ಟಗಿದೆಯೋ ಕೆಟ್ಟಿದೆಯೋ ಎಂದು ಹೇಳಬಹುದಾಯಿತು. ಆದರೆ ಕುದಿಸಿ ಜೆಲ್ಲಿನಲ್ಲಿ ಓಡಿಸಿದ ಪ್ರೋಟೀನನ್ನು ಪೊರೆಯ ಮೇಲಕ್ಕೆ ವರ್ಗಾಯಿಸಿ ಪಿ.ಎ.ಬಿ. ೨೪೦ರಿಂದ ನೋಡಿದರೆ ಅದು ಸಹಜವಾದುದನ್ನೂ ಕೆಟ್ಟುದನ್ನೂ ಭೇದವಿಲ್ಲದೆ ಹಿಡಿಯುತ್ತದೆ. ಕುದಿಸಿದಾಗ ಎಲ್ಲ ಮಡಿಕೆಗಳೂ ಬಿಚ್ಚಿಹೋಗಿರುತ್ತವೆಯಲ್ಲವೆ? ‘ಕೆಟ್ಟ ಪಿ೫೩ಕ್ಕೆ ಮಾತ್ರ’ ಎಂಬ ಬರವಣಿಗೆಯನ್ನು ಸೀಸೆಯ ಮೇಲೆ ಓದಿ, ವಿಧಾನವನ್ನು ವಿಚಾರಿಸದೆ ಬಳಸಿದವರು ಏನನ್ನು ಕಂಡರೆಂದು ಓದುಗರೇ ಊಹಿಸಿಕೊಳ್ಳಬಹುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಪ್ರತಿಕಾಯಗಳನ್ನು ತರಿಸುವ ಅಧ್ಯಾಪಕರು ಈ ಒಂದು ಉದಾಹರಣೆಯನ್ನಾದರೂ ವಿದ್ಯಾರ್ಥಿಗಳಿಗೆ ಹೇಳಬೇಕೆಂದು ನಮ್ಮ ಆಶಯ. ಹಾರ್ಲೊ ಮತ್ತು ಲೇನ್ ಎಂಬ ಹೆಸರಿನಲ್ಲಿ ೧೯೮೮ರಲ್ಲಿ ಪ್ರಕಟವಾದ ಪ್ರತಿಕಾಯಗಳ ಕೈಪಿಡಿ ಬಹುಕಾಲ ಪ್ರಯೋಗಶಾಲೆಗಳ ಆಧಾರಗ್ರಂಥವಾಗಿದ್ದಿತು. ಅದನ್ನು ಬರೆದ ಎಡ್ ಹಾರ್ಲೊ ಪಿ.ಎ.ಬಿ. ೪೨೧ರ ಪ್ರಬಂಧದವರು, ಲೇನ್ ಎಂಬವರು ಅದೇ ಹೆಸರಿನ ಬೇರೊಬ್ಬರಲ್ಲ, ೧೯೭೯ರ ಡೇವಿಡ್ ಲೇನ್ ಅವರೇ.

ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ಬಂದ ಪ್ರತಿಕಾಯ ಬೇರೆ. ೧೯೯೨ರಲ್ಲಿ ವೋಯ್ಟೆಶೆಕ್, ಬಾರ್ಟೆಕ್, ಮಿಜ್ಲಿ ಮತ್ತು ಲೇನ್ ಅವರು ಪ್ರಕಟಿಸಿದ ಡಿ.ಓ. ಸಾಲಿನ ಪ್ರತಿಕಾಯಗಳಲ್ಲಿ ಡಿ.ಓ. ೭ ಎಂಬುದು ರೋಗನಿದಾನಶಾಸ್ತ್ರಜ್ಞರ ಮೇಜಿನ ಮೇಲೆ ಸ್ಥಿರವಾಗಿ ನಿಂತಿದೆ. ಅದರ ತಾಣ ಪ್ರೋಟೀನಿನ ಬಾಲದಲ್ಲಿಲ್ಲ, ತಲೆಯ ಕಡೆ ಇದೆ. ಫಾರ್ಮಲಿನ್ನಿನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶದಲ್ಲಿಯೂ, ಬಿಸಿಮಾಡಿ ಹದಗೊಳಿಸಿದರೆ, ಅದು ಕೆಲಸಮಾಡುತ್ತದೆ. ಅದು ಹಿಡಿದ ಕಡೆ ಕೋಶಕೇಂದ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಸಹಜವಾದ ಪಿ೫೩ ಅಲ್ಪಾಯುವಾದುದರಿಂದ ಆರೋಗ್ಯವಾದ ಅಂಗಾಂಶದಲ್ಲಿ ಅಲ್ಲೊಂದು ಇಲ್ಲೊಂದು ಕೇಂದ್ರ ಮಸಕಾಗಿ ಕಾಣುತ್ತದೆ. ಜೀನು ಕೆಟ್ಟ ಗಂತಿಯಲ್ಲಿ ಕೇಂದ್ರಗಳೆಲ್ಲ ಗಾಢವಾಗಿ ಕಂದಾಗುತ್ತವೆ. ೧೯೮೦ರ ದಶಕದಲ್ಲಿ ಸಂಶೋಧಕರನ್ನು ದಾರಿತಪ್ಪಿಸಿದ ಅದೇ ‘ಮಿತಿಮೀರಿದ ಶೇಖರ’ ಈಗ ನಿದಾನದ ಗುರುತಾಯಿತು.

ಬಹುಕಾಲ ಕಂದುಬಣ್ಣ ಕಂಡರೆ ಜೀನು ಕೆಟ್ಟಿದೆಯೆಂದೂ, ಕಾಣದಿದ್ದರೆ ಸರಿಯಿದೆಯೆಂದೂ ಓದುತ್ತಿದ್ದರು. ಆದರೆ ಕೆಲವು ಉತ್ಪರಿವರ್ತನೆಗಳಲ್ಲಿ ಪ್ರೋಟೀನು ನಡುವೆಯೇ ಮೊಟಕಾಗಿ, ನಿಲ್ಲದೆ ನಾಶವಾಗುತ್ತದೆ. ಅಂಥ ಗಂತಿಯಲ್ಲಿ ಒಂದು ಕೇಂದ್ರವೂ ಬಣ್ಣಗೊಳ್ಳುವುದಿಲ್ಲ, ಜೀನು ಮಾತ್ರ ಪೂರ್ತಿ ಕೆಟ್ಟಿರುತ್ತದೆ. ಅಂಡಾಶಯದ ಒಂದು ಬಗೆಯ ಏಡಿಗಂತಿಯಲ್ಲಿ ಇದು ಅಪರೂಪವಲ್ಲ. ಆದುದರಿಂದ ಈಗ ಗಾಢವಾದ ಬಣ್ಣವನ್ನೂ ಸಂಪೂರ್ಣವಾದ ಬಣ್ಣಹೀನತೆಯನ್ನೂ ಎರಡನ್ನೂ ಕೆಟ್ಟ ಜೀನಿನ ಲಕ್ಷಣಗಳೆಂದು ಎಣಿಸುತ್ತಾರೆ. ಗಂತಿ ಬೆಳ್ಳಗೆ ಕಂಡಾಗ ರೋಗನಿದಾನಶಾಸ್ತ್ರಜ್ಞರು ಮೊದಲು ನೋಡುವುದು ಗಂತಿಯನ್ನಲ್ಲ. ಅದರ ನಡುನಡುವೆ ಸಿಕ್ಕಿಕೊಂಡಿರುವ ರಕ್ತನಾಳದ ಗೋಡೆಯ ಕೋಶಗಳನ್ನು, ಸುತ್ತಲಿನ ಬಿಳಿಯ ರಕ್ತಕಣಗಳನ್ನು. ಅವುಗಳಲ್ಲಿ ಒಂದೆರಡಾದರೂ ಮಸಕಾದ ಕಂದುಬಣ್ಣವನ್ನು ತೋರಿಸಿದರೆ ಪ್ರತಿಕಾಯ ಕೆಲಸಮಾಡಿದೆಯೆಂದು ಅರ್ಥ, ಗಂತಿಯ ಬಿಳುಪನ್ನು ನಂಬಬಹುದು; ಅವೂ ಬೆಳ್ಳಗಿದ್ದರೆ ಆ ಗಾಜನ್ನು ಬದಿಗಿಟ್ಟು, ಬಣ್ಣಹಾಕುವ ಕೆಲಸವನ್ನು ಮೊದಲಿನಿಂದ ಮಾಡಿಸುತ್ತಾರೆ.